ನಾಳ ಬಿಗಿಸುವ ಮದ್ದು: ಲಿವರ್ ಕಾಯಿಲೆಯ ಕೊನೆಯ ಹಂತದಲ್ಲಿ ಬಳಕೆ ಮತ್ತು ಎಚ್ಚರ

ಸಿರೋಸಿಸ್ ಬಲಿತ ರೋಗಿಯ ದೇಹದಲ್ಲಿ ರಕ್ತನಾಳಗಳು ಒಂದೊಂದು ಕಡೆ ಒಂದೊಂದು ರೀತಿ ನಡೆದುಕೊಳ್ಳುತ್ತವೆ. ನಾರು ಬೆಳೆದು ಗಟ್ಟಿಯಾದ ಲಿವರಿನೊಳಗೆ ರಕ್ತ ಸಲೀಸಾಗಿ ಹರಿಯುವುದಿಲ್ಲ. ಅದೇ ಹೊತ್ತಿಗೆ ಜಠರ, ಕರುಳು, ಗುಲ್ಮಗಳಿಗೆ ರಕ್ತ ಒಯ್ಯುವ ಅಪಧಮನಿಗಳು ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗಿರುತ್ತವೆ. ಲಿವರಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬರುವಂಥದ್ದು. ಒಳಗೆ ಬರುವುದು ಹೆಚ್ಚಿ, ಹೊರಗೆ ಹೋಗುವ ದಾರಿ ಕಿರಿದಾದರೆ ಆ ಅಭಿಧಮನಿಯಲ್ಲಿ ಒತ್ತಡ ಏರುತ್ತದೆ. ಆರೋಗ್ಯವಂತರಲ್ಲಿ ಲಿವರಿನ ಆಚೆ ಈಚೆಯ ಒತ್ತಡದ ಅಂತರ 5 ಮಿಲಿಮೀಟರ್ ಪಾದರಸವನ್ನು ಮೀರುವುದಿಲ್ಲ. ಅದು 10 ಮುಟ್ಟಿತೆಂದರೆ ತೊಡಕುಗಳ ಕಾಲ ಶುರುವಾಯಿತೆಂದೇ ಲೆಕ್ಕ. 12 ದಾಟಿದವರಲ್ಲಿ ಅನ್ನನಾಳದ ಕೆಳತುದಿಯಲ್ಲಿ ಉಬ್ಬಿದ ಅಭಿಧಮನಿಗಳು ಒಡೆದು ರಕ್ತ ಸುರಿಯುವ ಭಯವಿರುತ್ತದೆ.

ಈ ಹಿಗ್ಗುವಿಕೆಯ ಇನ್ನೊಂದು ಪರಿಣಾಮ ಕಾಣಿಸಿಕೊಳ್ಳುವುದು ಹೊಟ್ಟೆಯಲ್ಲಲ್ಲ, ಕಿಡ್ನಿಯಲ್ಲಿ. ನಾಲೆಯ ಮೇಲ್ಭಾಗದವರು ತೂಬುಗಳನ್ನೆಲ್ಲ ತೆರೆದುಕೊಂಡರೆ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ. ನಾಲೆಯಲ್ಲಿ ನೀರೇ ಇಲ್ಲವೆಂದಲ್ಲ. ಸಿರೋಸಿಸ್ ರೋಗಿಯ ಮೈಯಲ್ಲಿ ಆಗುವುದೂ ಇದೇ. ರಕ್ತದ ಒಟ್ಟು ಪ್ರಮಾಣ ಕಡಿಮೆಯೇನೂ ಇರುವುದಿಲ್ಲ, ಹಲವರಲ್ಲಿ ಹೆಚ್ಚೇ ಇರುತ್ತದೆ. ಆದರೆ ಅದು ಹೊಟ್ಟೆಯ ಹಿಗ್ಗಿದ ನಾಳಗಳಲ್ಲಿ ನಿಂತುಬಿಡುವುದರಿಂದ ಉಳಿದ ಅಂಗಗಳಿಗೆ ಬೇಕಾದ ಒತ್ತಡ ಉಳಿಯುವುದಿಲ್ಲ. ರಕ್ತವೇ ಕಡಿಮೆಯಾಯಿತೆಂದು ತಿಳಿದ ದೇಹ ರೆನಿನ್, ಆಂಜಿಯೊಟೆನ್ಸಿನ್, ಆಲ್ಡೊಸ್ಟೆರೋನ್, ವೇಸೊಪ್ರೆಸಿನ್ ಎಲ್ಲವನ್ನೂ ಒಟ್ಟಿಗೆ ಬಿಡುಗಡೆ ಮಾಡುತ್ತದೆ. ಅವು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಿಡ್ನಿಯ ನಾಳಗಳು ಬಿಗಿಯುತ್ತವೆ. ಕೊನೆಗೆ ಮೂತ್ರ ಇಳಿಯುವುದೇ ಕಡಿಮೆಯಾಗುತ್ತದೆ. ಇದಕ್ಕೆ ಹೆಪಟೊರೀನಲ್ ಸಿಂಡ್ರೋಮ್ ಎಂದು ಹೆಸರು.

ಇಲ್ಲಿ ಕೆಟ್ಟಿರುವುದು ಕಿಡ್ನಿಯಲ್ಲ, ಅದಕ್ಕೆ ಸಿಗಬೇಕಾದ ರಕ್ತ ಎನ್ನುವುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು 1969ರಲ್ಲಿ. ಹೆಪಟೊರೀನಲ್ ಸಿಂಡ್ರೋಮಿನಿಂದ ಸತ್ತವರ ಕಿಡ್ನಿಗಳನ್ನು ಲಿವರ್ ಸರಿಯಿದ್ದ ಬೇರೆ ರೋಗಿಗಳಿಗೆ ಕಸಿ ಮಾಡಿದಾಗ ಅವು ಕೆಲಸ ಮಾಡತೊಡಗಿದವೆಂದು ಅಮೆರಿಕದ ವೈದ್ಯ ಕಾಪೆಲ್ ಮತ್ತು ಸಂಗಡಿಗರು ವರದಿ ಮಾಡಿದರು. ಕೆಲವು ವರ್ಷಗಳಲ್ಲೇ ಇದಕ್ಕೆ ಜೋಡಿಯಾದ ಸುದ್ದಿಯೂ ಬಂತು: ಇಂಥ ರೋಗಿಗೆ ಹೊಸ ಲಿವರ್ ಹಾಕಿದರೆ ಅವನದೇ ಕಿಡ್ನಿ ಮತ್ತೆ ಚೇತರಿಸಿಕೊಳ್ಳುತ್ತದೆ. ಹಾಗಾದರೆ ಹೊಟ್ಟೆಯ ನಾಳಗಳನ್ನು ಮದ್ದಿನಿಂದಲೇ ಬಿಗಿದು ರಕ್ತವನ್ನು ಕಿಡ್ನಿಯ ಕಡೆ ತಿರುಗಿಸಬಾರದೇಕೆ? ನಾಳ ಸಂಕೋಚಕ ಔಷಧಗಳ ಬಳಕೆಯ ಹಿಂದಿರುವ ತರ್ಕವೆಲ್ಲ ಇಷ್ಟೇ. ಉಬ್ಬಿದ ಅಭಿಧಮನಿ ಒಡೆದಾಗಲೂ ಕೆಲಸಕ್ಕೆ ಬರುವುದು ಇದೇ ಬಿಗಿತ. ಕರುಳಿಗೆ ಹೋಗುವ ರಕ್ತ ಕಡಿಮೆಯಾದರೆ ಪೋರ್ಟಲ್ ಒತ್ತಡ ಇಳಿಯುತ್ತದೆ, ರಕ್ತಸ್ರಾವ ಹತೋಟಿಗೆ ಬರುತ್ತದೆ. ತೊಂದರೆಯೇನೆಂದರೆ, ಔಷಧಕ್ಕೆ ಬೇಕಾದ ನಾಳ ಯಾವುದು, ಬೇಡವಾದದ್ದು ಯಾವುದು ಎಂಬ ವಿವೇಚನೆ ಪೂರ್ತಿಯಾಗಿ ಇರುವುದಿಲ್ಲ. ಗುಣವೂ ಅಪಾಯವೂ ಒಂದೇ ಕ್ರಿಯೆಯಿಂದ ಬರುವ ಮದ್ದು ಇದು.

ಈ ಗುಂಪಿನ ಮೂಲ ವಸ್ತು ಪಿಟ್ಯುಟರಿ ಗ್ರಂಥಿಯಿಂದ ಬರುವ ವೇಸೊಪ್ರೆಸಿನ್ ಎಂಬ ಹಾರ್ಮೋನು. ಗ್ರಂಥಿಯ ಸಾರ ರಕ್ತದ ಒತ್ತಡ ಏರಿಸುತ್ತದೆಂದು 1895ರಲ್ಲಿ ಆಲಿವರ್ ಮತ್ತು ಶೇಫರ್ ತೋರಿಸಿದ್ದರು. ಅದರ ರಚನೆಯನ್ನು ಬಿಡಿಸಿ ಪ್ರಯೋಗಶಾಲೆಯಲ್ಲಿ ತಯಾರಿಸಿದವರು ವಿನ್ಸೆಂಟ್ ಡು ವಿನ್ಯೋ. ವೇಸೊಪ್ರೆಸಿನ್, ಆಕ್ಸಿಟೋಸಿನ್‌ಗಳ ಸುತ್ತಲಿನ ಕೆಲಸಕ್ಕೆ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಶುದ್ಧ ವೇಸೊಪ್ರೆಸಿನ್ನನ್ನು ರಕ್ತಸ್ರಾವ ನಿಲ್ಲಿಸಲು ಬಳಸಿದ್ದುಂಟು. ಆದರೆ ಅದು ಹೃದಯದ ನಾಳಗಳನ್ನೂ ಹಿಂಡುತ್ತಿತ್ತು. ಅದನ್ನು ತಗ್ಗಿಸಲು ಜೊತೆಗೆ ನೈಟ್ರೊಗ್ಲಿಸರಿನ್ ಕೊಡಬೇಕಾಗುತ್ತಿತ್ತು. ಒಂದು ಮದ್ದು ಬಿಗಿಯುವುದು, ಇನ್ನೊಂದು ಸಡಿಲಿಸುವುದು ಎಂಬ ಈ ಜಗ್ಗಾಟಕ್ಕೆ ಹೊರದಾರಿಯಾಗಿ ಬಂದದ್ದು ಟೆರ್ಲಿಪ್ರೆಸಿನ್. ವೇಸೊಪ್ರೆಸಿನ್‌ನ ಒಂದು ರೂಪಕ್ಕೆ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಮೂರು ಕೊಂಡಿಗಳನ್ನು ಸೇರಿಸಿ ಇದನ್ನು ಕಟ್ಟಿದ್ದಾರೆ. ರಕ್ತಕ್ಕೆ ಸೇರಿದ ಮೇಲೆ ಕಿಣ್ವಗಳು ಆ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತವೆ, ಕ್ರಿಯಾಶೀಲ ಭಾಗ ನಿಧಾನವಾಗಿ ಹೊರಬರುತ್ತದೆ. ಹೀಗಾಗಿ ವೇಸೊಪ್ರೆಸಿನ್‌ನಂತೆ ಸತತವಾಗಿ ಹರಿಸಲೇಬೇಕೆಂದಿಲ್ಲ, ನಾಲ್ಕರಿಂದ ಆರು ಗಂಟೆಗೊಮ್ಮೆ ಚುಚ್ಚುಮದ್ದಾಗಿಯೂ ಕೊಡಬಹುದು.

ರಕ್ತ ವಾಂತಿ ಮಾಡಿಕೊಂಡೋ, ಡಾಂಬರಿನಂಥ ಕಪ್ಪು ಮಲ ಹೋಗಿಯೋ ಬಂದ ಸಿರೋಸಿಸ್ ರೋಗಿಯ ಮಟ್ಟಿಗೆ ಬಳಕೆಯ ಕ್ರಮ ಸಾಕಷ್ಟು ಸ್ಪಷ್ಟವಾಗಿದೆ. ಅನುಮಾನ ಬಂದ ಕೂಡಲೇ, ಎಂಡೊಸ್ಕೋಪಿಗೆ ಕಾಯದೆ ಔಷಧ ಶುರು ಮಾಡಬೇಕು. ರೋಗಿಯ ರಕ್ತದೊತ್ತಡ ಒಂದು ಮಟ್ಟಕ್ಕೆ ಬಂದ ಮೇಲೆ, ಆಸ್ಪತ್ರೆಗೆ ಬಂದ 12 ಗಂಟೆಯೊಳಗೆ ಎಂಡೊಸ್ಕೋಪಿ ಮಾಡಿ, ಉಬ್ಬಿದ ನಾಳಕ್ಕೆ ಬ್ಯಾಂಡ್ ಹಾಕುತ್ತಾರೆ. ಟೆರ್ಲಿಪ್ರೆಸಿನ್ ಆದರೆ ಸಾಮಾನ್ಯವಾಗಿ 2 ಮಿಲಿಗ್ರಾಂ ನಾಲ್ಕು ಗಂಟೆಗೊಮ್ಮೆ, ರಕ್ತ ಹತೋಟಿಗೆ ಬಂದ ಮೇಲೆ 1 ಮಿಲಿಗ್ರಾಂ, ಒಟ್ಟು 2ರಿಂದ 5 ದಿನ. 50 ಕಿಲೊಗಿಂತ ಹಗುರವಾದವರಿಗೆ ಇದು ಜಾಸ್ತಿಯಾಗುತ್ತದೆ. ತಕ್ಕಡಿ ತೋರಿಸುವ ತೂಕವನ್ನು ಇಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ: ಹೊಟ್ಟೆಯಲ್ಲಿ ಎಂಟು ಹತ್ತು ಲೀಟರ್ ನೀರು ಹೊತ್ತ ರೋಗಿ 58 ಕಿಲೊ ತೂಗಿದರೂ ಅವನ ಮೈಮಾಂಸದ ತೂಕ 50ರ ಕೆಳಗಿರಬಹುದು.

ರಕ್ತಸ್ರಾವಕ್ಕೆ ಟೆರ್ಲಿಪ್ರೆಸಿನ್ನೇ ಆಗಬೇಕೆಂದೂ ಇಲ್ಲ. ಕರುಳಿನ ಹಾರ್ಮೋನುಗಳನ್ನು ತಡೆದು ಅಲ್ಲಿನ ರಕ್ತದ ಹರಿವನ್ನು ತಗ್ಗಿಸುವ ಸೊಮಾಟೊಸ್ಟಾಟಿನ್, ಅದರ ಕೃತಕ ರೂಪವಾದ ಆಕ್ಟ್ರಿಯೊಟೈಡ್ ಕೂಡ ಇವೆ. ಕೊರಿಯಾದಲ್ಲಿ 780 ರೋಗಿಗಳನ್ನು ಮೂರು ಗುಂಪು ಮಾಡಿ ಈ ಮೂರು ಔಷಧಗಳನ್ನು ಹೋಲಿಸಿದಾಗ ರಕ್ತಸ್ರಾವ ತಡೆಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆಕ್ಟ್ರಿಯೊಟೈಡನ್ನು ಮೊದಲು 50 ಮೈಕ್ರೊಗ್ರಾಂ ಚುಚ್ಚಿ, ಆಮೇಲೆ ಗಂಟೆಗೆ 50 ಮೈಕ್ರೊಗ್ರಾಂನಂತೆ ಹರಿಸುತ್ತಾರೆ. ಹೃದಯದ ಕಾಯಿಲೆಯಿರುವ, ಕಾಲಿನ ರಕ್ತನಾಳ ಕಟ್ಟಿಕೊಂಡಿರುವ ರೋಗಿಗೆ ರಕ್ತಸ್ರಾವವಾದಾಗ ಟೆರ್ಲಿಪ್ರೆಸಿನ್ನಿನ ಹಟ ಹಿಡಿಯದೆ ಆಕ್ಟ್ರಿಯೊಟೈಡ್ ಕಡೆ ಹೊರಳುವುದೇ ಜಾಣತನ. ಔಷಧದ ಜೊತೆಗೆ ಸೋಂಕು ತಡೆಯಲು ಸೆಫ್ಟ್ರಿಯಾಕ್ಸೋನ್‌ನಂಥ ಆ್ಯಂಟಿಬಯಾಟಿಕ್ ಕಡ್ಡಾಯ. ಕಳೆದುಹೋದ ರಕ್ತವನ್ನೆಲ್ಲ ತುಂಬಿಕೊಡಬೇಕೆಂಬ ಆತುರವೂ ತಪ್ಪು. ಹಿಮೊಗ್ಲೋಬಿನ್ 7ರಿಂದ 8 ಗ್ರಾಂ ಮಟ್ಟದಲ್ಲಿದ್ದರೆ ಸಾಕು, ಅದಕ್ಕಿಂತ ಮೇಲೇರಿಸಿದರೆ ಪೋರ್ಟಲ್ ಒತ್ತಡವೂ ಏರಿ ಮತ್ತೆ ರಕ್ತ ಹರಿಯಬಹುದು. 921 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಅಧ್ಯಯನ ಈ ಮಾತಿಗೆ ಆಧಾರ.

ಕಿಡ್ನಿಯ ವಿಷಯ ಇಷ್ಟು ಸುಲಭವಲ್ಲ. ಮೊದಲ ತೊಡಕು ರೋಗ ಗುರುತಿಸುವುದರಲ್ಲೇ ಇದೆ. ಸಿರೋಸಿಸ್ ರೋಗಿಗಳ ಮಾಂಸಖಂಡ ಸವೆದಿರುತ್ತದೆ, ಅದರಿಂದ ಹುಟ್ಟುವ, ಕಿಡ್ನಿಯ ಕೆಲಸ ಅಳೆಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಕೂಡ ಕಡಿಮೆ. ಹೋದ ವಾರ 0.7 ಇದ್ದದ್ದು ಈ ವಾರ 1.2 ಆಗಿ ಬಂದ ಲ್ಯಾಬ್ ಚೀಟಿಯಲ್ಲಿ ಯಾವ ಎಚ್ಚರಿಕೆಯ ಗುರುತೂ ಇರದಿರಬಹುದು. ಅಚ್ಚಾದ ಸಹಜ ಮಿತಿಯೊಳಗೇ ಇದೆಯಲ್ಲ! ಆದರೆ ಆ ರೋಗಿಯಲ್ಲಿ ಅದು ಶೇಕಡ 70ರಷ್ಟು ಏರಿಕೆ. 48 ಗಂಟೆಯಲ್ಲಿ 0.3 ಮಿಲಿಗ್ರಾಂ ಏರಿದರೂ, ಏಳು ದಿನದಲ್ಲಿ ಅರ್ಧದಷ್ಟು ಏರಿದರೂ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ತಿಳಿಯಬೇಕೆಂದು ಈಗಿನ ಮಾರ್ಗಸೂಚಿಗಳು ಹೇಳುವುದು ಈ ಕಾರಣಕ್ಕೆ. ಹಾಗೆ ಪೆಟ್ಟು ಬಿದ್ದದ್ದೆಲ್ಲ ಹೆಪಟೊರೀನಲ್ ಸಿಂಡ್ರೋಮೂ ಅಲ್ಲ. ಭೇದಿಯಾಗಿ ನೀರು ಕಳೆದುಕೊಂಡಿರಬಹುದು, ಮೂತ್ರ ಇಳಿಸುವ ಮಾತ್ರೆ ಹೆಚ್ಚಾಗಿರಬಹುದು, ಹೊಟ್ಟೆಯ ನೀರಿಗೆ ಸೋಂಕು ತಗಲಿರಬಹುದು, ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಕೊಂಡ ಡೈಕ್ಲೊಫೆನಾಕ್ ಕಿಡ್ನಿಯನ್ನು ಕೆಡಿಸಿರಬಹುದು. ಮಾತ್ರೆ ನಿಲ್ಲಿಸಿ, ಹೊಟ್ಟೆಯ ನೀರನ್ನು ಪರೀಕ್ಷೆಗೆ ಕಳಿಸಿ, ಮೂತ್ರದಲ್ಲಿ ಪ್ರೋಟೀನ್, ಕೆಂಪು ಕಣ ನೋಡಿ, ಅಲ್ಟ್ರಾಸೌಂಡಿನಲ್ಲಿ ಅಡ್ಡಿಯೇನೂ ಇಲ್ಲವೆಂದು ಖಾತ್ರಿಮಾಡಿಕೊಂಡ ಮೇಲಷ್ಟೇ ನಾಳ ಬಿಗಿಸುವ ಮದ್ದಿನ ಮಾತು. ಕಿಡ್ನಿಯ ಕೊಳವೆಗಳೇ ಸತ್ತಿದ್ದರೆ ಈ ಮದ್ದಿನಿಂದ ಪ್ರಯೋಜನವಿಲ್ಲ, ಅಡ್ಡಪರಿಣಾಮ ಮಾತ್ರ ಪೂರ್ತಿ ಸಿಗುತ್ತದೆ.

ಟೆರ್ಲಿಪ್ರೆಸಿನ್ನನ್ನು ಇಲ್ಲಿ ಒಂಟಿಯಾಗಿ ಕೊಡುವುದಿಲ್ಲ, ಆಲ್ಬುಮಿನ್ ಜೊತೆಗೇ ಕೊಡುತ್ತಾರೆ. ಆಲ್ಬುಮಿನ್ ಎಂದರೆ ರಕ್ತದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿದ ಪ್ರೋಟೀನು, ನಾಳದೊಳಗೆ ನೀರನ್ನು ಹಿಡಿದಿಡುವುದು ಅದರ ಕೆಲಸ. ಮೊದಲ ದಿನ ದೇಹದ ತೂಕದ ಕಿಲೊಗೆ 1 ಗ್ರಾಂ, ಆದರೆ 100 ಗ್ರಾಂ ಮೀರದಂತೆ. ಆಮೇಲೆ ದಿನಕ್ಕೆ 20ರಿಂದ 40 ಗ್ರಾಂ. ಖಾಲಿ ನಾಳವನ್ನು ಬಿಗಿದರೆ ಉಪಯೋಗವಿಲ್ಲ, ಆದ್ದರಿಂದ ಮೊದಲು ತುಂಬಿ ಆಮೇಲೆ ಬಿಗಿ ಎಂಬುದು ವರ್ಷಗಳ ಕಾಲ ನಡೆದುಬಂದ ಪಾಠ. ಪಾಠದ ಮೊದಲರ್ಧವನ್ನು ಅತಿಯಾಗಿ ಪಾಲಿಸಿದರೆ ಏನಾಗುತ್ತದೆ ಎಂಬುದು ನಿಚ್ಚಳವಾದದ್ದು ಇತ್ತೀಚೆಗೆ.

ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ 300 ರೋಗಿಗಳ ಮೇಲೆ ನಡೆದ ಕನ್ಫರ್ಮ್ ಎಂಬ ಪ್ರಯೋಗದ ಫಲಿತಾಂಶ 2021ರ ಮಾರ್ಚಿನಲ್ಲಿ ಹೊರಬಂತು. 199 ಮಂದಿಗೆ ಟೆರ್ಲಿಪ್ರೆಸಿನ್, 101 ಮಂದಿಗೆ ಬರಿಯ ಹುಸಿಮದ್ದು. ಎರಡೂ ಗುಂಪಿಗೆ ಆಲ್ಬುಮಿನ್ ಸಲಹೆ ಮಾಡಲಾಗಿತ್ತು. ಕಿಡ್ನಿ ಚೇತರಿಸಿಕೊಂಡವರು ಔಷಧದ ಗುಂಪಿನಲ್ಲಿ ಶೇಕಡ 32, ಇನ್ನೊಂದರಲ್ಲಿ 17. ಇಷ್ಟನ್ನೇ ಓದಿ ಪುಟ ಮಗುಚಿದರೆ ಗೆಲುವು ಎನ್ನಬೇಕು. ಆದರೆ 90 ದಿನಗಳೊಳಗೆ ಔಷಧದ ಗುಂಪಿನಲ್ಲಿ ಶೇಕಡ 51 ಮಂದಿ ಸತ್ತಿದ್ದರು, ಹುಸಿಮದ್ದಿನ ಗುಂಪಿನಲ್ಲಿ 45. ಈ ಅಂತರ ಆಕಸ್ಮಿಕವೂ ಇರಬಹುದು. ಉಸಿರಾಟದ ತೊಂದರೆಯಿಂದ ಸತ್ತವರ ಲೆಕ್ಕವನ್ನು ಮಾತ್ರ ಹಾಗೆ ತಳ್ಳಿಹಾಕುವಂತಿರಲಿಲ್ಲ: ಔಷಧದ ಗುಂಪಿನಲ್ಲಿ ಶೇಕಡ 11, ಇನ್ನೊಂದರಲ್ಲಿ 2. ಕಿಡ್ನಿ ಉಳಿಯಿತು, ಆದರೆ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ.

ಶ್ವಾಸಕೋಶಕ್ಕೆ ಈ ಮದ್ದು ಹೀಗೇಕೆ ಮುಳುವಾಯಿತು? ಹೊಟ್ಟೆಯ ನಾಳಗಳು ಬಿಗಿದಾಗ ಅಲ್ಲಿ ನಿಂತಿದ್ದ ರಕ್ತ ಒಮ್ಮೆಲೇ ಹೃದಯದ ಕಡೆ ನುಗ್ಗುತ್ತದೆ. ಅಪಧಮನಿಗಳೂ ಬಿಗಿದಿರುವುದರಿಂದ ಹೃದಯ ಹೆಚ್ಚು ಒತ್ತಡದ ವಿರುದ್ಧ ರಕ್ತವನ್ನು ತಳ್ಳಬೇಕು. ಸಿರೋಸಿಸ್ ರೋಗಿಯ ಹೃದಯ ಸುಮ್ಮನಿದ್ದಾಗ ಚೆನ್ನಾಗಿಯೇ ಕಂಡರೂ ಭಾರ ಬಿದ್ದಾಗ ತಡೆದುಕೊಳ್ಳುವುದಿಲ್ಲ. ಇದರ ಮೇಲೆ ದಿನಗಟ್ಟಲೆ ಹರಿಸಿದ ಆಲ್ಬುಮಿನ್ ಬೇರೆ. ಮುಂದಕ್ಕೆ ಹೋಗಲಾರದ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಅಂದರೆ ಔಷಧವೊಂದರ ತಪ್ಪು ಎನ್ನುವುದಕ್ಕಿಂತ ಔಷಧ, ಆಲ್ಬುಮಿನ್, ದಣಿದ ಹೃದಯ ಮೂರೂ ಒಂದೆಡೆ ಸೇರಿದ ಫಲ ಎನ್ನುವುದು ನ್ಯಾಯ.

ಯುರೋಪಿನಲ್ಲೂ ಭಾರತದಲ್ಲೂ ಎಷ್ಟೋ ಕಾಲದಿಂದ ಬಳಕೆಯಲ್ಲಿದ್ದ ಈ ಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಮತ್ತೊಮ್ಮೆ ತಡೆಹಿಡಿದು, ಕೊನೆಗೆ 2022ರ ಸೆಪ್ಟೆಂಬರ್ 14ರಂದು ಒಪ್ಪಿಕೊಂಡಿತು. ಒಪ್ಪುವಾಗ ಮದ್ದಿನ ಜೊತೆಗಿನ ಸೂಚನಾಪತ್ರದ ತಲೆಯಲ್ಲೇ, ಕಪ್ಪು ಚೌಕಟ್ಟಿನೊಳಗೆ, ಮಾರಕವಾಗಬಹುದಾದ ಉಸಿರಾಟದ ವೈಫಲ್ಯದ ಎಚ್ಚರಿಕೆ ಇರಲೇಬೇಕೆಂದು ವಿಧಿಸಿತು. ಅದೇ ವರ್ಷ ಯುರೋಪಿನ ಔಷಧ ಸಂಸ್ಥೆಯೂ ನಿಯಮ ಬಿಗಿಗೊಳಿಸಿತು. ಎರಡು ಕಡೆಯ ಮಾತೂ ಹೆಚ್ಚುಕಡಿಮೆ ಒಂದೇ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಮಟ್ಟ ಶೇಕಡ 90ಕ್ಕಿಂತ ಕೆಳಗಿರುವವರಿಗೆ ಅದು ಸುಧಾರಿಸುವ ತನಕ ಮದ್ದು ಶುರು ಮಾಡಬಾರದು. ಮೈಯಲ್ಲಿ ನೀರು ಹೆಚ್ಚಾಗಿದ್ದರೆ ಮೊದಲು ಆಲ್ಬುಮಿನ್ ಮತ್ತು ಇತರ ದ್ರವಗಳನ್ನು ತಗ್ಗಿಸಿ, ಬೇಕಾದರೆ ಮೂತ್ರ ಇಳಿಸುವ ಔಷಧ ಕೊಟ್ಟು ಹಗುರ ಮಾಡಬೇಕು. ಹಳೆಯ ಲಿವರ್ ಕಾಯಿಲೆ ದಿಢೀರನೆ ಕೆರಳಿ ಮೂರು ಅಥವಾ ಹೆಚ್ಚು ಅಂಗಗಳು ಸೋತಿರುವ ಸ್ಥಿತಿಯಲ್ಲೂ, ಕ್ರಿಯಾಟಿನಿನ್ 5 ಮಿಲಿಗ್ರಾಂ ಮುಟ್ಟಿದವರಲ್ಲೂ ಲಾಭಕ್ಕಿಂತ ನಷ್ಟವೇ ಹೆಚ್ಚಿರಬಹುದು. ಹೃದಯದ, ಕರುಳಿನ, ಕೈಕಾಲಿನ ರಕ್ತನಾಳಗಳಲ್ಲಿ ಈಗಾಗಲೇ ರಕ್ತದ ಕೊರತೆಯಿರುವವರಿಗೆ ಕೊಡಲೇಬಾರದು. ಗರ್ಭಿಣಿಯರಲ್ಲಿ ಗರ್ಭಕೋಶವನ್ನೂ ಸಂಕುಚಿಸಿ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಶುರು ಮಾಡಿದ ಮೇಲೆ ಕಾಯುವ ಕೆಲಸ ಬಹುಮಟ್ಟಿಗೆ ನರ್ಸುಗಳದ್ದು. ಪ್ರತಿ ಸುತ್ತಿನಲ್ಲೂ ಅವರು ಆಕ್ಸಿಮೀಟರಿನ ಅಂಕಿ, ಉಸಿರಿನ ವೇಗ, ನಾಡಿ, ರಕ್ತದೊತ್ತಡ ಬರೆದುಕೊಳ್ಳುತ್ತಾರೆ. ಮೂತ್ರದ ಚೀಲದಲ್ಲಿ ಎಷ್ಟು ಇಳಿದಿದೆಯೆಂದು ಅಳೆಯುತ್ತಾರೆ. ಇಷ್ಟಕ್ಕೇ ನಿಲ್ಲುವಂತಿಲ್ಲ. ಹೊದಿಕೆ ಸರಿಸಿ ಕಾಲ್ಬೆರಳುಗಳನ್ನು ನೋಡಬೇಕು: ತಣ್ಣಗಾಗಿವೆಯೇ, ನೀಲಿಗಟ್ಟಿವೆಯೇ, ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಬೇಗ ಮರಳುತ್ತದೆಯೇ. ಗಂಡಸರಲ್ಲಿ ವೃಷಣದ ಚೀಲದ ಚರ್ಮವೂ ಕಪ್ಪಾಗಬಹುದು. ಸಂಕೋಚದಿಂದ ರೋಗಿ ಹೇಳುವುದಿಲ್ಲ, ಕೇಳದಿದ್ದರೆ ಗೊತ್ತಾಗುವುದೂ ಇಲ್ಲ. ಸೂಜಿ ನಾಳದಿಂದ ಜಾರಿ ಮದ್ದು ಚರ್ಮದಡಿ ಸೋರಿದರೆ ಆ ಜಾಗ ಕೊಳೆಯುವ ಅಪಾಯವಿದೆ. ಸಣ್ಣಗೆ ಹೊಟ್ಟೆನೋವು, ಭೇದಿ ಬಹಳ ಮಂದಿಗೆ ಬರುತ್ತದೆ, ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ನೋವು ಬಿಡದೆ ಹೆಚ್ಚುತ್ತಾ ಹೋದರೆ ಕರುಳಿಗೇ ರಕ್ತ ಸಾಲದಾಗಿದೆ ಎಂಬ ಶಂಕೆ ಬರಬೇಕು. ಎದೆನೋವು ಕಂಡರೂ, ಇಸಿಜಿಯಲ್ಲಿ ಬದಲಾವಣೆ ಕಂಡರೂ ಮದ್ದು ನಿಲ್ಲಿಸಬೇಕು. ಪೊಟ್ಯಾಸಿಯಂ ಇಳಿದಿದ್ದರೆ ಹೃದಯದ ಲಯ ತಪ್ಪುವ ಭಯ ಇನ್ನೂ ಹೆಚ್ಚು.

ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ತೊಂದರೆ ಸೋಡಿಯಂನದು. ವೇಸೊಪ್ರೆಸಿನ್ ಕುಲದ ಮದ್ದಾದ್ದರಿಂದ ಟೆರ್ಲಿಪ್ರೆಸಿನ್ ಕಿಡ್ನಿಯಲ್ಲಿ ನೀರನ್ನು ಸ್ವಲ್ಪ ಹಿಡಿದಿಡಬಲ್ಲದು, ಆಗ ರಕ್ತದ ಸೋಡಿಯಂ ತೆಳುವಾಗುತ್ತದೆ. ರಕ್ತಸ್ರಾವಕ್ಕೆಂದು ಮದ್ದು ಪಡೆದವರಲ್ಲಿ ಇದು ಹೆಚ್ಚು. ವಿಚಿತ್ರವೆಂದರೆ, ಲಿವರ್ ತಕ್ಕಮಟ್ಟಿಗೆ ಚೆನ್ನಾಗಿದ್ದು ಸೋಡಿಯಂ ಸಹಜವಾಗಿರುವವರಲ್ಲೇ ಕುಸಿತ ಜಾಸ್ತಿ. ರೋಗಿ ಮಂಕಾದರೆ ಲಿವರ್ ಕಾಯಿಲೆಯಿಂದ ಬುದ್ಧಿ ಮಸುಕಾಗಿದೆ ಎಂದು ಸುಮ್ಮನಾಗುವುದು ಸುಲಭ. ಸೋಡಿಯಂ ಪರೀಕ್ಷೆ ಮಾಡಿಸಿದರೆ ನಿಜ ತಿಳಿಯುತ್ತದೆ. ಮದ್ದು ನಿಲ್ಲಿಸಿದಾಗ ಅದು ರಭಸದಿಂದ ಮೇಲೇರುವುದೂ ಮಿದುಳಿಗೆ ಒಳ್ಳೆಯದಲ್ಲ. ಹಾಗಾಗಿ ನಿಲ್ಲಿಸಿದ ಮೇಲೂ ಒಂದೆರಡು ದಿನ ಪರೀಕ್ಷೆ ಬೇಕು.

ಕೊಡುವ ವಿಧಾನವನ್ನು ಬದಲಿಸಿದರೆ ಅಪಾಯ ತಗ್ಗುತ್ತದೆ ಎಂಬುದು ಈಚಿನ ವರ್ಷಗಳ ದೊಡ್ಡ ಸಮಾಧಾನ. ಚುಚ್ಚುಮದ್ದಾಗಿ ಕೊಟ್ಟಾಗ ಪ್ರತಿ ಬಾರಿಯೂ ಬಿಗಿತ ಒಮ್ಮೆ ಶಿಖರಕ್ಕೇರಿ, ಮುಂದಿನ ಡೋಸಿನ ಹೊತ್ತಿಗೆ ಇಳಿದಿರುತ್ತದೆ. ಅದರ ಬದಲು ಪಂಪಿನಲ್ಲಿ ದಿನವಿಡೀ ಸಣ್ಣದಾಗಿ ಹರಿಸಿದರೆ? ಇಟಲಿಯಲ್ಲಿ ಕವಾಲಿನ್ ಮತ್ತು ಸಂಗಡಿಗರು 78 ರೋಗಿಗಳಲ್ಲಿ ಇದನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದರು. ಕಿಡ್ನಿಯ ಚೇತರಿಕೆಯಲ್ಲಿ ಎರಡೂ ಗುಂಪುಗಳು ಸಮಸಮ. ಅಡ್ಡಪರಿಣಾಮ ಮಾತ್ರ ಚುಚ್ಚುಮದ್ದಿನ ಗುಂಪಿನಲ್ಲಿ ಶೇಕಡ 62, ಹರಿಸಿದವರಲ್ಲಿ 35. ಒಟ್ಟು ಮದ್ದೂ ಕಡಿಮೆ ಸಾಕಾಯಿತು. 24 ಗಂಟೆಗೆ 2 ಮಿಲಿಗ್ರಾಂನಿಂದ ಶುರುಮಾಡಿ, ಕ್ರಿಯಾಟಿನಿನ್ ಇಳಿಯದಿದ್ದರೆ ಹಂತಹಂತವಾಗಿ 12 ಮಿಲಿಗ್ರಾಂ ತನಕ ಏರಿಸುವುದು ಈ ಕ್ರಮ. ಯುರೋಪಿನ ನಿಯಂತ್ರಕರು ಇದನ್ನು ಪರ್ಯಾಯವಾಗಿ ಸೂಚಿಸಿದ್ದಾರೆ. ಕಡಿಮೆ ಮದ್ದು, ಕಡಿಮೆ ತೊಂದರೆ, ಅಷ್ಟೇ ಫಲ ಎಂದಮೇಲೆ ಪಂಪು ಇರುವ ವಾರ್ಡಿನಲ್ಲಿ ಚುಚ್ಚುಮದ್ದಿಗೇ ಅಂಟಿಕೊಳ್ಳಲು ಕಾರಣ ಹುಡುಕುವುದು ಕಷ್ಟ.

ಡೋಸಿನ ಲೆಕ್ಕದಲ್ಲಿ ಎಡವಿಸುವ ಒಂದು ಗೊಂದಲವನ್ನು ಹೇಳಲೇಬೇಕು. ಅಮೆರಿಕದ ಶೀಶೆಯ ಮೇಲೆ 0.85 ಮಿಲಿಗ್ರಾಂ ಎಂದಿರುತ್ತದೆ, ಬೇರೆ ಕಡೆಯ ಶೀಶೆಯ ಮೇಲೆ 1 ಮಿಲಿಗ್ರಾಂ. ಒಳಗಿರುವ ಮದ್ದು ಒಂದೇ ಪ್ರಮಾಣದ್ದು. ಒಂದು ಕಡೆ ಟೆರ್ಲಿಪ್ರೆಸಿನ್ನನ್ನು ಮಾತ್ರ ಎಣಿಸಿದ್ದಾರೆ, ಇನ್ನೊಂದು ಕಡೆ ಅದರ ಅಸಿಟೇಟ್ ಲವಣದ ಒಟ್ಟು ತೂಕವನ್ನು. ಅಮೆರಿಕದ ಕ್ರಮದಲ್ಲಿ ಆರು ಗಂಟೆಗೊಂದು ಶೀಶೆಯಂತೆ ಮೂರು ದಿನ ಕೊಟ್ಟು, ನಾಲ್ಕನೆಯ ದಿನ ಲೆಕ್ಕ ಹಾಕುತ್ತಾರೆ. ಕ್ರಿಯಾಟಿನಿನ್ ಮೊದಲಿಗಿಂತ ಶೇಕಡ 30ರಷ್ಟು ಇಳಿದಿದ್ದರೆ ಅದೇ ಡೋಸು ಮುಂದುವರಿಯುತ್ತದೆ. ಇಳಿಕೆ ಅದಕ್ಕಿಂತ ಕಡಿಮೆಯಾದರೆ ಎರಡು ಶೀಶೆ. ಏನೂ ಇಳಿಯದಿದ್ದರೆ, ಅಥವಾ ಏರಿದ್ದರೆ, ಮದ್ದು ಬಂದ್. ಫಲ ಕಂಡವರಲ್ಲಿ ಕೂಡ 14 ದಿನ ಕೊನೆಯ ಗಡಿ.

ಈ ನಾಲ್ಕನೆಯ ದಿನದ ನಿರ್ಧಾರ ಕಾಗದದ ಮೇಲೆ ಸುಲಭ, ವಾರ್ಡಿನಲ್ಲಿ ಕಷ್ಟ. ಏನಾದರೂ ಮಾಡುತ್ತಲೇ ಇರಬೇಕೆಂಬ ಒತ್ತಡ ವೈದ್ಯರ ಮೇಲೂ ಇರುತ್ತದೆ, ಮನೆಯವರಿಗೂ ಆಸೆ ಇರುತ್ತದೆ. ಕೆಲಸ ಮಾಡದ ಔಷಧವನ್ನು ಇನ್ನೊಂದು ದಿನ ನೋಡೋಣವೆಂದು ಮುಂದುವರಿಸಿದರೆ ದಿನದಿಂದ ದಿನಕ್ಕೆ ಹೆಚ್ಚುವುದು ಬೆರಳು ಕಪ್ಪಾಗುವ, ಶ್ವಾಸಕೋಶ ತುಂಬುವ ಸಾಧ್ಯತೆಯೇ. ಜೊತೆಗೆ ಖರ್ಚು. ಆಲ್ಬುಮಿನ್ ಬಾಟಲಿಯನ್ನು ಹೊರಗಿನಿಂದ ಕೊಂಡು ತರುವ ಕುಟುಂಬಕ್ಕೆ ಅದು ಸಣ್ಣ ವಿಷಯವಲ್ಲ. ಆದ್ದರಿಂದ ಶುರು ಮಾಡುವ ದಿನವೇ ನಿಲ್ಲಿಸುವ ಷರತ್ತನ್ನೂ ಕೇಸ್ ಶೀಟಿನಲ್ಲಿ ಬರೆದಿಟ್ಟು, ಮನೆಯವರಿಗೂ ತಿಳಿಸುವ ಪದ್ಧತಿ ಒಳ್ಳೆಯದು.

ಟೆರ್ಲಿಪ್ರೆಸಿನ್ ಸಿಗದ ಕಡೆ, ಅಥವಾ ಹೊಂದದ ರೋಗಿಗೆ, ನಾರ್‌ಅಡ್ರಿನಲಿನ್ ಇದೆ. ಗಂಟೆಗೆ 0.5 ಮಿಲಿಗ್ರಾಂನಿಂದ ಶುರುಮಾಡಿ ಸರಾಸರಿ ರಕ್ತದೊತ್ತಡ 10 ಮಿಲಿಮೀಟರ್‌ನಷ್ಟು ಏರುವಂತೆ, 3 ಮಿಲಿಗ್ರಾಂ ಮೀರದಂತೆ ಹರಿಸುತ್ತಾರೆ. ಬೆಲೆ ಕಡಿಮೆ, ಆದರೆ ದೊಡ್ಡ ಅಭಿಧಮನಿಗೆ ನಳಿಕೆ ಹಾಕಬೇಕು, ಐಸಿಯು ಬೇಕು. ಈ ಮದ್ದಿನ ಬಗ್ಗೆ ಭಾರತದ ಆಸ್ಪತ್ರೆಗಳ ಕೊಡುಗೆ ದೊಡ್ಡದು. ದೆಹಲಿಯ ಜಿ. ಬಿ. ಪಂತ್ ಆಸ್ಪತ್ರೆಯಿಂದ 2008ರಲ್ಲಿ, ಚಂಡೀಗಢದ ಪಿಜಿಐನಿಂದ 2012ರಲ್ಲಿ ಬಂದ ಸಣ್ಣ ಅಧ್ಯಯನಗಳು ಎರಡು ಮದ್ದುಗಳೂ ಸಮವೆಂದು ತೋರಿಸಿದ್ದವು. ಆದರೆ ಹಳೆಯ ಕಾಯಿಲೆ ದಿಢೀರನೆ ಕೆರಳಿದ 120 ರೋಗಿಗಳಲ್ಲಿ ದೆಹಲಿಯ ಯಕೃತ್ ಮತ್ತು ಪಿತ್ತ ವಿಜ್ಞಾನಗಳ ಸಂಸ್ಥೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಂಪಿನಲ್ಲಿ ಹರಿಸಿದ ಟೆರ್ಲಿಪ್ರೆಸಿನ್ನಿನಿಂದ ಶೇಕಡ 40 ಮಂದಿಯ ಕಿಡ್ನಿ ಚೇತರಿಸಿತು, ನಾರ್‌ಅಡ್ರಿನಲಿನ್ನಿನಿಂದ ಶೇಕಡ 17ರಷ್ಟು ಮಂದಿಯದು. ಮಿಡೊಡ್ರಿನ್ ಮಾತ್ರೆಯನ್ನು ಆಕ್ಟ್ರಿಯೊಟೈಡ್ ಚುಚ್ಚುಮದ್ದಿನೊಂದಿಗೆ ಕೊಡುವುದು ಮೂರನೆಯ ದಾರಿ. ಐಸಿಯು ಬೇಕಿಲ್ಲ, ಅಪಾಯ ಕಡಿಮೆ, ಫಲವೂ ಕಡಿಮೆ: ಇಟಲಿಯ 2015ರ ಹೋಲಿಕೆಯಲ್ಲಿ ಟೆರ್ಲಿಪ್ರೆಸಿನ್ನಿನಿಂದ ಶೇಕಡ 70 ಮಂದಿಯ ಕಿಡ್ನಿ ಸುಧಾರಿಸಿದರೆ ಇದರಿಂದ ಸುಧಾರಿಸಿದ್ದು ಶೇಕಡ 29.

ಈ ಮದ್ದುಗಳಲ್ಲಿ ಯಾವುದೂ ಲಿವರನ್ನು ಸರಿಮಾಡುವುದಿಲ್ಲ. ಸಮಯ ಕೊಂಡುಕೊಡುತ್ತವೆ, ಅಷ್ಟೆ. ಆ ಸಮಯದಲ್ಲಿ, ಕಾಯಿಲೆಯನ್ನು ಕೆರಳಿಸಿದ ಸೋಂಕು ಗುಣವಾಗಬಹುದು, ಕುಡಿತ ಬಿಟ್ಟವನ ಲಿವರ್ ಕೊಂಚ ಚಿಗುರಬಹುದು, ಕಸಿಗೆ ತಯಾರಿ ನಡೆಯಬಹುದು. ಕಸಿಯ ವಿಷಯದಲ್ಲಿ ಒಂದು ಇಕ್ಕಟ್ಟೂ ಇದೆ. ಹಲವು ದೇಶಗಳಲ್ಲಿ ಮೃತ ದಾನಿಗಳ ಲಿವರ್ ಯಾರಿಗೆ ಮೊದಲೆಂಬುದನ್ನು ಮೆಲ್ಡ್ ಎಂಬ ಅಂಕ ತೀರ್ಮಾನಿಸುತ್ತದೆ, ಕ್ರಿಯಾಟಿನಿನ್ ಅದರ ಒಂದು ಭಾಗ. ಮದ್ದಿನಿಂದ ಕ್ರಿಯಾಟಿನಿನ್ ಇಳಿದರೆ ಅಂಕವೂ ಇಳಿದು ರೋಗಿ ಸಾಲಿನಲ್ಲಿ ಹಿಂದೆ ಬೀಳುತ್ತಾನೆ. ಕನ್ಫರ್ಮ್ ಪ್ರಯೋಗದಲ್ಲೂ ಕಸಿ ಸಿಕ್ಕವರು ಔಷಧದ ಗುಂಪಿನಲ್ಲಿ ಶೇಕಡ 23, ಹುಸಿಮದ್ದಿನ ಗುಂಪಿನಲ್ಲಿ 29. ಕಸಿ ಸನಿಹದಲ್ಲೇ ಇರುವ, ಉಸಿರಾಟ ಸೂಕ್ಷ್ಮವಾಗಿರುವ ರೋಗಿಗೆ ಈ ಮದ್ದು ಬೇಕೇ ಎಂದು ಕಸಿ ತಂಡದೊಂದಿಗೆ ಕೂತು ಯೋಚಿಸಬೇಕಾಗುತ್ತದೆ. ಭಾರತದಲ್ಲಿ ಹೆಚ್ಚಿನ ಲಿವರ್ ಕಸಿಗಳು ಮನೆಯವರೇ ಲಿವರಿನ ಭಾಗ ಕೊಟ್ಟು ನಡೆಯುವುದರಿಂದ ಇಲ್ಲಿ ಈ ಇಕ್ಕಟ್ಟು ಅಷ್ಟು ಬಾಧಿಸುವುದಿಲ್ಲ. ದಾನಿ ಸಿದ್ಧವಾಗುವ ತನಕ ಕಿಡ್ನಿಯನ್ನು ಉಳಿಸಿಕೊಂಡರೆ ಶಸ್ತ್ರಕ್ರಿಯೆಯೂ ಹಗುರವಾಗುತ್ತದೆ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯಲ್ಲಿ ಕಸಿ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸುವ ಕೆಲಸ ಕಿಡ್ನಿ ಕೆಡುವ ಮೊದಲೇ ಆಗಿದ್ದರೆ ಒಳ್ಳೆಯದು.

ಸಿರೋಸಿಸ್ ಇದ್ದು ಹೊಟ್ಟೆಯಲ್ಲಿ ನೀರು ತುಂಬುವವರಲ್ಲಿ ಈ ಹಂತವನ್ನು ಮುಂದೂಡುವ ಕೆಲವು ಕ್ರಮಗಳು ಮನೆಯಲ್ಲೂ ಹೊರರೋಗಿ ವಿಭಾಗದಲ್ಲೂ ಆಗುವಂಥವು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ನೋವಿನ ಮಾತ್ರೆಗಳು ಪೂರ್ತಿ ವರ್ಜ್ಯ. ಹೊಟ್ಟೆಯಿಂದ 5 ಲೀಟರಿಗಿಂತ ಹೆಚ್ಚು ನೀರು ತೆಗೆದಾಗ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡಬೇಕು. ಆ ನೀರಿಗೆ ಸೋಂಕು ತಗಲಿದ್ದರೆ ಆ್ಯಂಟಿಬಯಾಟಿಕ್ ಜೊತೆ ಮೊದಲ ದಿನ ಕಿಲೊಗೆ 1.5 ಗ್ರಾಂ, ಮೂರನೆಯ ದಿನ 1 ಗ್ರಾಂ ಆಲ್ಬುಮಿನ್ ಕೊಟ್ಟರೆ ಕಿಡ್ನಿ ಸೋಲುವುದು ಕಡಿಮೆಯಾಗುತ್ತದೆ ಎಂದು 1999ರಲ್ಲೇ ಸ್ಪೇನಿನ ವೈದ್ಯರು ತೋರಿಸಿದ್ದಾರೆ. ಪ್ರೊಪ್ರನೊಲಾಲ್, ಕಾರ್ವಿಡಿಲಾಲ್ ಮಾತ್ರೆಗಳು ರಕ್ತಸ್ರಾವ ತಡೆಯಲು ಒಳ್ಳೆಯವು. ಆದರೆ ರಕ್ತದೊತ್ತಡ ತೀರಾ ಇಳಿದಾಗ, ಕಿಡ್ನಿಗೆ ಪೆಟ್ಟು ಬಿದ್ದಾಗ ಅವನ್ನು ನಿಲ್ಲಿಸುವಂತೆ ವೈದ್ಯರು ಹೇಳುತ್ತಾರೆ. ಜ್ವರ, ಭೇದಿ, ಹೊಟ್ಟೆನೋವು, ಮಂಕು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು. ಕ್ರಿಯಾಟಿನಿನ್ 1.5 ಇರುವಾಗ ಶುರುಮಾಡಿದ ಚಿಕಿತ್ಸೆಗೆ ಸಿಗುವ ಫಲ 4 ದಾಟಿದ ಮೇಲೆ ಸಿಗುವುದಿಲ್ಲ.